ಕೈಬದಲಾಗುವ ಕಂಪ್ಯೂಟರಿನ ಡಿಸ್ಕನ್ನು ನಿಜವಾಗಿ ಅಳಿಸುವ ಬಗೆ

ಕಂಪ್ಯೂಟರನ್ನು ಮಾರುವ, ಬೇರೊಬ್ಬರಿಗೆ ಕೊಡುವ ಅಥವಾ ಗುಜರಿಗೆ ಹಾಕುವ ಮುನ್ನ ಅದರ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ಅಳಿಸಿದ್ದೇವೆಂದು ನಂಬಿದವರಲ್ಲಿ ಅನೇಕರು ನಿಜಕ್ಕೂ ಅಳಿಸಿರುವುದಿಲ್ಲ ಎಂಬುದು ಅಷ್ಟಾಗಿ ತಿಳಿಯದ ಮಾತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಬಳಸಿ ಬಿಟ್ಟ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದಾಗ, ಕೆಲಸ ಮಾಡುತ್ತಿದ್ದ 129 ಡಿಸ್ಕುಗಳ ಪೈಕಿ ಸರಿಯಾಗಿ ಅಳಿಸಿದ್ದವು ಕೇವಲ 12 ಎಂದು ಕಂಡುಬಂದಿತ್ತು. ಉಳಿದವುಗಳಿಂದ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಹೊರಬಂದಿದ್ದವು.

ಅಂದಿನಿಂದ ಇಂದಿಗೆ ಡಿಸ್ಕಿನ ಒಳರಚನೆಯೇ ಬದಲಾಗಿದೆ. ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕಿಗೆ ಹೇಳಿದ ಸಲಹೆಗಳನ್ನೇ, ತಿರುಗುವ ಭಾಗಗಳಿಲ್ಲದೆ ಮೆಮೊರಿ ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಗೂ ಅನ್ವಯಿಸುವವರು ಇಂದಿಗೂ ಇದ್ದಾರೆ, ಮತ್ತು ಅಲ್ಲಿಯೇ ಎಡವಟ್ಟು ಆಗುವುದು. ಯಾವ ಬಗೆಯ ಡಿಸ್ಕಿಗೆ ಯಾವ ಕ್ರಮ ಸಲ್ಲುತ್ತದೆ, ಅದು ಏಕೆ ಸಲ್ಲುತ್ತದೆ ಎಂಬುದನ್ನು ತಿಳಿದುಕೊಂಡರೆ ಈ ಕೆಲಸಕ್ಕೆ ದುಬಾರಿ ತಂತ್ರಾಂಶವಾಗಲಿ, ಪರಿಣತರ ನೆರವಾಗಲಿ ಬೇಕಾಗುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಯಂತ್ರವನ್ನು ಕೈಬಿಡಲು ಯೋಚಿಸುತ್ತಿರುವವರಿಗೆ ಇದು ಈಗಲೇ ಉಪಯೋಗಕ್ಕೆ ಬರಬಹುದು.

ಡಿಲೀಟ್ ಮಾಡಿದಾಗ ಆಗುವುದೇನು

ಫೈಲೊಂದನ್ನು ಡಿಲೀಟ್ ಮಾಡಿ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದಾಗ, ಆಪರೇಟಿಂಗ್ ಸಿಸ್ಟಂ ಆ ಫೈಲಿನ ಹೆಸರು ಮತ್ತು ಸ್ಥಳವನ್ನು ದಾಖಲಿಸಿದ್ದ ನಮೂದಿನ ಮೇಲೆ ‘ಬಳಕೆಯಲ್ಲಿಲ್ಲ’ ಎಂಬ ಗುರುತು ಹಾಕುತ್ತದೆ ಮತ್ತು ಆ ಜಾಗವನ್ನು ಖಾಲಿ ಜಾಗದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ, ಅಷ್ಟೇ. ಫೈಲಿನ ಒಳಗಿದ್ದದ್ದು, ಅದೇ ಜಾಗದಲ್ಲಿ ಬೇರೆ ಏನನ್ನಾದರೂ ಬರೆಯುವವರೆಗೆ, ಹಾಗೆಯೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಕೂಡ ಇದಕ್ಕಿಂತ ಬಹಳ ಹೆಚ್ಚಿನದೇನನ್ನೂ ಮಾಡುವುದಿಲ್ಲ. ಅದು ಹೊಸ ಖಾಲಿ ದಾಖಲೆಪಟ್ಟಿಯೊಂದನ್ನು ಬರೆದು ಹಳೆಯದನ್ನು ಮರೆಯುತ್ತದೆ. ಫೋಟೋರೆಕ್‌ನಂಥ ಉಚಿತ ತಂತ್ರಾಂಶಗಳು ಈ ದಾಖಲೆಪಟ್ಟಿಯನ್ನು ನೋಡುವುದೇ ಇಲ್ಲ. ಅವು ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತ, ಜೆಪಿಇಜಿ ಚಿತ್ರ ಅಥವಾ ಪಿಡಿಎಫ್ ಕಡತದ ಆರಂಭದಲ್ಲಿ ಸದಾ ಇರುವ ನಿರ್ದಿಷ್ಟ ಬೈಟುಗಳನ್ನು ಹುಡುಕಿ, ಸಿಕ್ಕಿದ್ದನ್ನು ಹೊರತೆಗೆಯುತ್ತವೆ. ಹೆಸರು ಹೋಗಿರಬಹುದು, ಚಿತ್ರ ಉಳಿದಿರುತ್ತದೆ.

ಅಳಿಸುವ ಮುನ್ನ ಮಾಡಬೇಕಾದದ್ದು

ಮೊದಲ ಕೆಲಸ ಬ್ಯಾಕಪ್. ಇಲ್ಲಿ ಹೇಳುವ ಕ್ರಮಗಳ ನಂತರ ಯಾವ ತಂತ್ರಾಂಶವೂ ಏನನ್ನೂ ಮರಳಿ ತರಲಾರದು. ಆದ್ದರಿಂದ ನಕಲು ಮಾಡಿದರೆ ಸಾಲದು, ಆ ನಕಲನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಮುಖ್ಯವಾದ ಫೈಲುಗಳನ್ನು ತೆರೆದು ನೋಡಬೇಕು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಎಲ್ಲರೂ ನೆನಪಿಡುತ್ತಾರೆ. ಇಮೇಲ್ ತಂತ್ರಾಂಶದ ಸ್ಥಳೀಯ ಸಂಗ್ರಹ, ಬ್ರೌಸರಿನ ಬುಕ್‌ಮಾರ್ಕುಗಳು, ಲೆಕ್ಕಪತ್ರ ತಂತ್ರಾಂಶದ ಡೇಟಾಬೇಸ್, ಆಟಗಳ ಸೇವ್ ಫೈಲುಗಳು ಮತ್ತು ಬೇರೆ ಕಂಪ್ಯೂಟರಿಗೆ ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಲಿಗಳು ಕಣ್ತಪ್ಪುವುದು ಹೆಚ್ಚು.

ಆನಂತರ ಆ ಯಂತ್ರಕ್ಕೆ ಅಂಟಿಕೊಂಡಿರುವ ಖಾತೆಗಳನ್ನು ಬಿಡಿಸಬೇಕು. ವಿಂಡೋಸ್ ಹಲೋ ಮೂಲಕ ಇಟ್ಟುಕೊಂಡ ಪಾಸ್‌ಕೀಗಳು (ಪಾಸ್‌ವರ್ಡಿನ ಬದಲು ಬಳಸುವ ಕೀಲಿಗಳು) ಆ ಕಂಪ್ಯೂಟರಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿಗೇ ಬೆಸೆದುಕೊಂಡಿರುವುದು ಸಾಮಾನ್ಯ. ಅಂಥ ಖಾತೆಗಳಿಗೆ ಬೇರೆ ಸಾಧನದಿಂದ ಲಾಗಿನ್ ಆಗಲು ಸಾಧ್ಯವಿದೆಯೇ ಎಂದು ಅಳಿಸುವ ಮೊದಲೇ ಪರೀಕ್ಷಿಸಿಕೊಳ್ಳಬೇಕು. ಇಂತಿಷ್ಟೇ ಯಂತ್ರಗಳಿಗೆಂದು ಪರವಾನಗಿ ಪಡೆದ ತಂತ್ರಾಂಶಗಳಿದ್ದರೆ ಅವುಗಳನ್ನು ಡಿಆಕ್ಟಿವೇಟ್ ಮಾಡಬೇಕು. ಮ್ಯಾಕ್ ಆಗಿದ್ದರೆ ‘ಫೈಂಡ್ ಮೈ’ ಸೌಲಭ್ಯವನ್ನು ನಿಲ್ಲಿಸದೆ ಕೊಟ್ಟಲ್ಲಿ, ಆಕ್ಟಿವೇಷನ್ ಲಾಕ್ ಇರುವ ಮಾದರಿಗಳನ್ನು ಪಡೆದವರು ಬಳಸಲಾಗುವುದೇ ಇಲ್ಲ. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದೊಡನೆ ಮೊದಲು ಚಲಿಸುವ ಮೂಲ ವ್ಯವಸ್ಥೆಯಲ್ಲಿ) ಪಾಸ್‌ವರ್ಡ್ ಇಟ್ಟಿದ್ದರೆ ಅದನ್ನೂ ತೆಗೆಯಬೇಕು.

ಡಿಸ್ಕುಗಳು ಎಷ್ಟಿವೆ ಎಂಬುದನ್ನೂ ಈಗಲೇ ನೋಡಿಕೊಳ್ಳಬೇಕು. ಕಾರ್ಡ್ ರೀಡರಿನೊಳಗೆ ಮರೆತುಹೋದ ಎಸ್‌ಡಿ ಕಾರ್ಡ್, ಮದರ್‌ಬೋರ್ಡಿನ ಹೀಟ್‌ಸಿಂಕಿನ ಅಡಿಯಲ್ಲಿ ಕುಳಿತಿರುವ, ಪುಟ್ಟ ಪಟ್ಟಿಯಾಕಾರದ ಎರಡನೆಯ ಎಂ.2 ಡಿಸ್ಕ್, ಹಾರ್ಡ್ ಡಿಸ್ಕಿಗೆ ವೇಗ ತುಂಬಲೆಂದು ಹಾಕಿದ ಇಂಟೆಲ್ ಆಪ್ಟೇನ್ ಮೆಮೊರಿ ಇವೆಲ್ಲವೂ ಶೇಖರಣಾ ಸಾಧನಗಳೇ. ಆಪ್ಟೇನ್ ಇದ್ದರೆ ಅದನ್ನು ಮೊದಲು ಇಂಟೆಲ್‌ನ ತಂತ್ರಾಂಶದಿಂದ ಡಿಸೇಬಲ್ ಮಾಡಿದ ನಂತರವೇ ಮುಂದುವರಿಯಬೇಕು.

ಡಿಸ್ಕಿನ ಬಗೆಯನ್ನು ಗುರುತಿಸುವುದು

ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಪರ್ಫಾರ್ಮೆನ್ಸ್ ವಿಭಾಗವನ್ನು ತೆರೆದರೆ ಪ್ರತಿ ಡಿಸ್ಕಿನ ಪಕ್ಕದಲ್ಲಿ ಅದು ಎಚ್‌ಡಿಡಿಯೋ (ಹಾರ್ಡ್ ಡಿಸ್ಕ್) ಎಸ್‌ಎಸ್‌ಡಿಯೋ ಎಂಬುದು ಕಾಣುತ್ತದೆ. ಎಸ್‌ಎಸ್‌ಡಿ ಆಗಿದ್ದರೆ, ಡಿಸ್ಕು ಕಂಪ್ಯೂಟರಿನೊಂದಿಗೆ ಸಂಪರ್ಕಿಸುವ ಎರಡು ಪದ್ಧತಿಗಳಲ್ಲಿ ಅದು ಸಾಟಾ ಮೂಲಕ ಮಾತನಾಡುತ್ತದೆಯೋ ಎನ್‌ವಿಎಂಇ ಮೂಲಕವೋ ಎಂಬುದು ಮುಂದಿನ ಪ್ರಶ್ನೆ, ಏಕೆಂದರೆ ಎರಡಕ್ಕೂ ಅಳಿಸುವ ಆದೇಶಗಳು ಬೇರೆ ಬೇರೆ. ಎಂ.2 ಆಕಾರವನ್ನು ಕಂಡು ಎನ್‌ವಿಎಂಇ ಎಂದು ತೀರ್ಮಾನಿಸಬಾರದು. ಅದೇ ಆಕಾರದಲ್ಲಿ ಸಾಟಾ ಡಿಸ್ಕುಗಳೂ ಬಂದಿವೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವು ಇಂಟರ್‌ಫೇಸನ್ನು ಸ್ಪಷ್ಟವಾಗಿ ತೋರಿಸುತ್ತದೆ. ಮಾದರಿಯ ಹೆಸರು ಮತ್ತು ಕ್ರಮಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅಳಿಸುವ ಹೊತ್ತಿನಲ್ಲಿ ಪರದೆಯ ಮೇಲೆ ಎರಡು ಮೂರು ಡಿಸ್ಕುಗಳ ಹೆಸರು ಕಂಡಾಗ, ಸರಿಯಾದುದನ್ನು ಆರಿಸಲು ಕ್ರಮಸಂಖ್ಯೆಯೊಂದೇ ನಂಬಲರ್ಹವಾದ ಗುರುತು. ಅಳಿಸಬಾರದ ಡಿಸ್ಕುಗಳ ಕೇಬಲ್ಲನ್ನು ಕಳಚಿಟ್ಟರೆ ಇನ್ನೂ ಒಳ್ಳೆಯದು. ಬ್ಯಾಕಪ್ ಇರುವ ಯುಎಸ್‌ಬಿ ಡಿಸ್ಕನ್ನಂತೂ ಕಡ್ಡಾಯವಾಗಿ ತೆಗೆದಿಡಬೇಕು.

ಹಾರ್ಡ್ ಡಿಸ್ಕ್

ಇದರ ಕೆಲಸ ಸರಳ, ಆದರೆ ನಿಧಾನ. ಡಿಸ್ಕಿನ ಪ್ರತಿಯೊಂದು ಸೆಕ್ಟರಿನ (ಮಾಹಿತಿ ಬರೆಯುವ ಚಿಕ್ಕ ಭಾಗದ) ಮೇಲೂ ಒಂದು ಬಾರಿ ಸೊನ್ನೆಯನ್ನು ಬರೆದರೆ ಸಾಕು. 35 ಬಾರಿ ಬರೆಯಬೇಕೆಂಬ ಮಾತು ಪೀಟರ್ ಗುಟ್‌ಮನ್ ಅವರು 1996ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬಂದದ್ದು. ಆ ಕಾಲದ ಬೇರೆ ಬೇರೆ ಎನ್‌ಕೋಡಿಂಗ್ ಪದ್ಧತಿಗಳ ಡಿಸ್ಕುಗಳನ್ನೆಲ್ಲ ಒಟ್ಟಾಗಿ ಗಮನದಲ್ಲಿಟ್ಟುಕೊಂಡು ಆ ಸರಣಿಯನ್ನು ರೂಪಿಸಲಾಗಿತ್ತು. ಆಧುನಿಕ ಡಿಸ್ಕಿಗೆ ಇಡೀ ಸರಣಿಯನ್ನು ಅನ್ವಯಿಸುವುದರಲ್ಲಿ ಅರ್ಥವಿಲ್ಲವೆಂದು ಗುಟ್‌ಮನ್ ಅವರೇ ಮುಂದೆ ಬರೆದಿದ್ದಾರೆ. ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ 2014ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಸಾಮಾನ್ಯ ಅಗತ್ಯಕ್ಕೆ ಒಂದೇ ಸುತ್ತನ್ನು ಒಪ್ಪಿತ್ತು. ಆದ್ದರಿಂದ ಹಲವು ಸುತ್ತುಗಳ ಆಯ್ಕೆಯನ್ನು ಒತ್ತಿ ದಿನಗಟ್ಟಲೆ ಕಾಯುವುದು ವಿದ್ಯುತ್ತಿನ ಮತ್ತು ಸಮಯದ ನಷ್ಟವೆಂದೇ ನನ್ನ ಅಭಿಪ್ರಾಯ.

ವಿಂಡೋಸ್ ವಿಸ್ತಾದಿಂದ ಈಚೆಗೆ, ಫಾರ್ಮ್ಯಾಟ್ ಮಾಡುವಾಗ ‘ಕ್ವಿಕ್’ ಎಂಬ ಗುರುತನ್ನು ತೆಗೆದರೆ ಡಿಸ್ಕಿನ ಆ ವಿಭಾಗದ, ಅಂದರೆ ಪಾರ್ಟಿಷನ್ನಿನ, ಉದ್ದಕ್ಕೂ ಸೊನ್ನೆ ಬರೆಯಲಾಗುತ್ತದೆ. ಇಡೀ ಡಿಸ್ಕಿಗೆ ಇದೇ ಕೆಲಸವನ್ನು ವಿಂಡೋಸ್‌ನ ಡಿಸ್ಕ್‌ಪಾರ್ಟ್ ಉಪಕರಣದ ‘ಕ್ಲೀನ್ ಆಲ್’ ಆದೇಶ ಮಾಡುತ್ತದೆ. ‘ಆಲ್’ ಎಂಬ ಪದವನ್ನು ಬಿಟ್ಟು ‘ಕ್ಲೀನ್’ ಎಂದಷ್ಟೇ ಬರೆದರೆ ಪಾರ್ಟಿಷನ್ ಪಟ್ಟಿ ಮಾತ್ರ ಹೋಗುತ್ತದೆ ಎಂಬುದನ್ನು ಮರೆಯಬಾರದು. ಆಪರೇಟಿಂಗ್ ಸಿಸ್ಟಂ ಇರುವ ಡಿಸ್ಕನ್ನೇ ಅಳಿಸಬೇಕಾದಾಗ, ಎನ್‌ವೈಪ್ ಎಂಬ ಅಳಿಸುವ ತಂತ್ರಾಂಶ ಇರುವ ಶ್ರೆಡ್‌ಒಎಸ್‌ನಂಥ ಪುಟ್ಟ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಬರೆದು, ಅದರಿಂದ ಬೂಟ್ ಮಾಡಬೇಕು. ಒಂದು ಟೆರಾಬೈಟ್ ಡಿಸ್ಕಿಗೆ ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಬರೆದರೂ ಸುಮಾರು ಎರಡು ಗಂಟೆ ಹಿಡಿಯುತ್ತದೆ. ತಟ್ಟೆಯ ಒಳಸುತ್ತುಗಳಿಗೆ ಹೋದಂತೆ ವೇಗ ತಗ್ಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜರ್ ಜೋಡಿಸಿರಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಹದಗೆಟ್ಟ ಸೆಕ್ಟರುಗಳನ್ನು ಡಿಸ್ಕು ತಾನಾಗಿಯೇ ಬಳಕೆಯಿಂದ ಹೊರಗಿಟ್ಟು ಮೀಸಲು ಸೆಕ್ಟರುಗಳನ್ನು ಅವುಗಳ ಜಾಗಕ್ಕೆ ತರುತ್ತದೆ. ಹೊರಗಿಟ್ಟವುಗಳಲ್ಲಿ ಉಳಿದ ಮಾಹಿತಿಯನ್ನು ಹೊರಗಿನಿಂದ ಬರೆಯುವ ಯಾವ ತಂತ್ರಾಂಶವೂ ಮುಟ್ಟಲಾರದು. ಡಿಸ್ಕು ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 5ನೆಯ ಗುಣಲಕ್ಷಣದ, ಅಂದರೆ ಹೀಗೆ ಹೊರಗಿಟ್ಟ ಸೆಕ್ಟರುಗಳ ಎಣಿಕೆಯ, ಮೂಲ ಮೌಲ್ಯ ಸೊನ್ನೆಯಾಗಿದ್ದರೆ ಈ ಚಿಂತೆ ಇಲ್ಲ. ಸೊನ್ನೆಗಿಂತ ಹೆಚ್ಚಿದ್ದು, ಡಿಸ್ಕಿನಲ್ಲಿದ್ದ ಮಾಹಿತಿ ಬಹಳ ಸೂಕ್ಷ್ಮವಾದದ್ದಾಗಿದ್ದರೆ, ಡಿಸ್ಕಿನ ಸ್ವಂತ ‘ಎನ್‌ಹ್ಯಾನ್ಸ್ಡ್ ಸೆಕ್ಯೂರ್ ಇರೇಸ್’ ಆದೇಶವನ್ನು ಬಳಸಬೇಕು. ಹೊರಗಿಟ್ಟ ಸೆಕ್ಟರುಗಳನ್ನೂ ಒಳಗೊಳ್ಳುವಂತೆ ಅದನ್ನು ರೂಪಿಸಲಾಗಿದೆ.

ಎಸ್‌ಎಸ್‌ಡಿ

ಎಸ್‌ಎಸ್‌ಡಿಯಲ್ಲಿ ಬರೆದ ಜಾಗದ ಮೇಲೆಯೇ ಮತ್ತೆ ಬರೆಯುವ ಪದ್ಧತಿ ಇಲ್ಲ. ಅದರ ಫ್ಲ್ಯಾಷ್ ಮೆಮೊರಿಯನ್ನು ಪುಟಗಳ ಲೆಕ್ಕದಲ್ಲಿ ಬರೆಯಬಹುದಾದರೂ, ಅಳಿಸುವುದು ನೂರಾರು ಪುಟಗಳು ಸೇರಿದ ದೊಡ್ಡ ಬ್ಲಾಕುಗಳ ಲೆಕ್ಕದಲ್ಲಿ. ಆದ್ದರಿಂದ ನಾವು ಒಂದು ಫೈಲನ್ನು ತಿದ್ದಿ ಉಳಿಸಿದಾಗ, ಡಿಸ್ಕಿನೊಳಗೆ ಎಲ್ಲವನ್ನೂ ನಿರ್ವಹಿಸುವ ಚಿಪ್ಪಾದ ಕಂಟ್ರೋಲರ್ ಹೊಸ ಪ್ರತಿಯನ್ನು ಬೇರೊಂದು ಪುಟದಲ್ಲಿ ಬರೆದು, ವಿಳಾಸದ ಪಟ್ಟಿಯನ್ನು ಬದಲಿಸಿ, ಹಳೆಯ ಪುಟವನ್ನು ಮುಂದೆಂದೋ ತೆರವುಗೊಳಿಸಲು ಬಿಡುತ್ತದೆ. ಎಲ್ಲ ಬ್ಲಾಕುಗಳೂ ಸಮನಾಗಿ ಸವೆಯಲೆಂದು ಅದು ಮಾಹಿತಿಯನ್ನು ಸದಾ ಸ್ಥಳಾಂತರಿಸುತ್ತಲೂ ಇರುತ್ತದೆ. ಇದರ ಜೊತೆಗೆ, ಚಿಪ್ಪುಗಳಲ್ಲಿ 256 ಗಿಬಿಬೈಟ್ ಇದ್ದರೂ, ಅಂದರೆ ಸುಮಾರು 275 ಗಿಗಾಬೈಟ್ ಇದ್ದರೂ, ನಮಗೆ ಕಾಣುವುದು 240, 250 ಅಥವಾ 256 ಗಿಗಾಬೈಟ್ ಮಾತ್ರ. ಉಳಿದದ್ದು ಕಂಟ್ರೋಲರಿನ ಆಂತರಿಕ ಬಳಕೆಗೆ ಮೀಸಲು. ಇಡೀ ಡಿಸ್ಕನ್ನು ಸೊನ್ನೆಯಿಂದ ತುಂಬಿದರೂ ಈ ಮೀಸಲು ಭಾಗದಲ್ಲಿ ಹಳೆಯ ಪ್ರತಿಗಳ ತುಣುಕುಗಳು ಉಳಿಯಬಹುದು, ಮತ್ತು ಒಂದೇ ಒಂದು ಫೈಲನ್ನು ಆರಿಸಿ ‘ಶ್ರೆಡ್’ ಮಾಡುವ ತಂತ್ರಾಂಶಗಳು ಎಸ್‌ಎಸ್‌ಡಿಯ ಮೇಲೆ ಏನನ್ನೂ ಖಾತರಿಪಡಿಸಲಾರವು.

ಬೇಡವಾದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಎಂಬ ಸೌಲಭ್ಯ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ವಿಂಡೋಸ್ 7ರಿಂದ ಈಚೆಗೆ, ಫೈಲನ್ನು ಡಿಲೀಟ್ ಮಾಡಿದಾಗ ಆ ಜಾಗ ಇನ್ನು ಬೇಡವೆಂದು ಆಪರೇಟಿಂಗ್ ಸಿಸ್ಟಂ ಎಸ್‌ಎಸ್‌ಡಿಗೆ ತಿಳಿಸುತ್ತದೆ. ಅನಂತರ ಅಲ್ಲಿ ಓದಿದರೆ ಬಹಳಷ್ಟು ಡಿಸ್ಕುಗಳು ಸೊನ್ನೆಯನ್ನೇ ಹಿಂತಿರುಗಿಸುತ್ತವೆ. ಈ ಕಾರಣದಿಂದ ಫೋಟೋರೆಕ್‌ನಂಥ ತಂತ್ರಾಂಶಕ್ಕೆ ಅಲ್ಲಿ ಹೆಚ್ಚೇನೂ ಸಿಗುವುದಿಲ್ಲ ಎಂಬುದು ನಿಜ. ಆದರೆ ಟ್ರಿಮ್ ಒಂದು ಸೂಚನೆಯೇ ಹೊರತು ಅಳಿಸುವ ಆಜ್ಞೆಯಲ್ಲ. ಚಿಪ್ಪಿನಲ್ಲಿರುವುದು ನಿಜವಾಗಿ ಯಾವಾಗ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಕಂಟ್ರೋಲರ್.

ಸರಿಯಾದ ದಾರಿಯೆಂದರೆ ಅಳಿಸುವ ಕೆಲಸವನ್ನು ಕಂಟ್ರೋಲರಿಗೇ ಒಪ್ಪಿಸುವುದು. ಅನೇಕ ಮದರ್‌ಬೋರ್ಡುಗಳ ಮತ್ತು ಲ್ಯಾಪ್‌ಟಾಪುಗಳ ಬಯೋಸ್‌ನಲ್ಲಿಯೇ ‘ಸೆಕ್ಯೂರ್ ಇರೇಸ್’ ಎಂಬ ಆಯ್ಕೆ ಇರುತ್ತದೆ. ಇದ್ದರೆ ಅದೇ ಅತ್ಯಂತ ಸುಲಭ. ಇಲ್ಲದಿದ್ದರೆ ಡಿಸ್ಕಿನ ತಯಾರಕರು ನೀಡುವ ತಂತ್ರಾಂಶವನ್ನು ನೋಡಬೇಕು. ಸ್ಯಾಮ್‌ಸಂಗ್ ಮ್ಯಾಜಿಷಿಯನ್‌ನಂಥವು ಇದಕ್ಕಾಗಿ ಬೂಟ್ ಆಗುವ ಪೆನ್‌ಡ್ರೈವನ್ನು ಸಿದ್ಧಪಡಿಸಿಕೊಡುತ್ತವೆ. ಎರಡೂ ಒದಗದಿದ್ದರೆ, ಇನ್‌ಸ್ಟಾಲ್ ಮಾಡದೆಯೇ ನೇರವಾಗಿ ಬೂಟ್ ಆಗುವ ಲಿನಕ್ಸ್ ಲೈವ್ ಪೆನ್‌ಡ್ರೈವ್ ಇದ್ದೇ ಇದೆ.

ಸಾಟಾ ಡಿಸ್ಕಿಗೆ ಲಿನಕ್ಸ್‌ನಲ್ಲಿ ಬಳಸುವುದು ಎಚ್‌ಡಿಪಾರ್ಮ್ ಎಂಬ ಉಪಕರಣ. ಮೊದಲು ಅದರ ಮಾಹಿತಿ ಪುಟದಲ್ಲಿ ಭದ್ರತಾ ವಿಭಾಗವನ್ನು ಓದಿ, ‘ಫ್ರೋಜನ್’ ಎಂದಿದೆಯೋ ‘ನಾಟ್ ಫ್ರೋಜನ್’ ಎಂದಿದೆಯೋ ನೋಡಬೇಕು. ದುಷ್ಟ ತಂತ್ರಾಂಶಗಳು ಡಿಸ್ಕಿಗೆ ಪಾಸ್‌ವರ್ಡ್ ಹಾಕಿಬಿಡಬಾರದೆಂದು ಬಹಳಷ್ಟು ಬಯೋಸ್‌ಗಳು ಬೂಟ್ ಆಗುವಾಗಲೇ ಭದ್ರತಾ ಆದೇಶಗಳನ್ನು ಹೀಗೆ ತಡೆಹಿಡಿಯುತ್ತವೆ. ಕಂಪ್ಯೂಟರನ್ನು ಸ್ಲೀಪ್‌ಗೆ ಕಳುಹಿಸಿ ಎಬ್ಬಿಸಿದರೆ ಸಾಮಾನ್ಯವಾಗಿ ಈ ತಡೆ ಸಡಿಲವಾಗುತ್ತದೆ. ಆನಂತರ ತಾತ್ಕಾಲಿಕ ಪಾಸ್‌ವರ್ಡ್ ಒಂದನ್ನು ಇಟ್ಟು, ಅಳಿಸುವ ಆದೇಶವನ್ನು ಕೊಡಬೇಕು. ಕೆಲಸ ಮುಗಿದಾಗ ಪಾಸ್‌ವರ್ಡ್ ತಾನಾಗಿ ತೆರವಾಗುತ್ತದೆ. ನಡುವೆ ವಿದ್ಯುತ್ ಹೋದರೆ ಡಿಸ್ಕು ಅದೇ ಪಾಸ್‌ವರ್ಡಿನೊಂದಿಗೆ ಬೀಗ ಬಿದ್ದ ಸ್ಥಿತಿಯಲ್ಲಿ ಉಳಿಯಬಹುದಾದ್ದರಿಂದ, ಆ ಪಾಸ್‌ವರ್ಡ್ ಖಾಲಿಯಾಗಿರಬಾರದು, ಕಷ್ಟದ್ದೂ ಆಗಿರಬಾರದು, ಬರೆದಿಟ್ಟುಕೊಂಡಿರಬೇಕು. ಯುಎಸ್‌ಬಿ ಕವಚಗಳಲ್ಲಿ ಹಲವು ಈ ಆದೇಶಗಳನ್ನು ಡಿಸ್ಕಿಗೆ ದಾಟಿಸುವುದೇ ಇಲ್ಲ ಅಥವಾ ಅರೆಬರೆಯಾಗಿ ದಾಟಿಸುತ್ತವೆ. ಡಿಸ್ಕನ್ನು ಮದರ್‌ಬೋರ್ಡಿಗೆ ನೇರವಾಗಿ ಜೋಡಿಸಿಯೇ ಈ ಕೆಲಸ ಮಾಡಬೇಕು.

ಎನ್‌ವಿಎಂಇ ಡಿಸ್ಕಿಗೆ ಎನ್‌ವಿಎಂಇ-ಸಿಎಲ್‌ಐ ಎಂಬ ಉಪಕರಣವಿದೆ ಮತ್ತು ಎರಡು ದಾರಿಗಳಿವೆ. ‘ಫಾರ್ಮ್ಯಾಟ್’ ಆದೇಶಕ್ಕೆ ಸೆಕ್ಯೂರ್ ಇರೇಸ್ ಸೆಟ್ಟಿಂಗ್ 1 ಎಂದು ಕೊಟ್ಟರೆ ಬಳಕೆದಾರರ ಮಾಹಿತಿಯೆಲ್ಲ ಅಳಿಯುತ್ತದೆ. 2 ಎಂದು ಕೊಟ್ಟರೆ, ಡಿಸ್ಕು ಒಳಗೊಳಗೇ ಬಳಸುತ್ತಿರುವ ಎನ್‌ಕ್ರಿಪ್ಷನ್ (ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ) ಕೀಲಿಯು ನಾಶವಾಗಿ, ಉಳಿದ ಮಾಹಿತಿ ಓದಲಾಗದಂತಾಗುತ್ತದೆ. ಈ ಎರಡನೆಯದು ಎಲ್ಲ ಡಿಸ್ಕುಗಳಲ್ಲೂ ಇರುವುದಿಲ್ಲ, ಇದ್ದಲ್ಲಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಈ ಸೆಟ್ಟಿಂಗನ್ನು ನಮೂದಿಸದೆ ಫಾರ್ಮ್ಯಾಟ್ ಆದೇಶವನ್ನಷ್ಟೇ ಕೊಟ್ಟರೆ ಸುರಕ್ಷಿತ ಅಳಿಸುವಿಕೆ ನಡೆಯುತ್ತದೆಂಬ ಖಾತರಿ ಇಲ್ಲ. ಇನ್ನೊಂದು ದಾರಿ, 2017ರ ಎನ್‌ವಿಎಂಇ 1.3 ಆವೃತ್ತಿಯಲ್ಲಿ ಸೇರಿದ ‘ಸ್ಯಾನಿಟೈಸ್’. ಇದು ಮೀಸಲು ಜಾಗ ಮತ್ತು ಕ್ಯಾಶ್ ಸೇರಿದಂತೆ ಎಲ್ಲವನ್ನೂ ಒಳಗೊಳ್ಳುತ್ತದೆ. ಒಮ್ಮೆ ಆರಂಭವಾದರೆ ಇದನ್ನು ನಿಲ್ಲಿಸಲಾಗದು. ನಡುವೆ ವಿದ್ಯುತ್ ಹೋದರೂ ಮರಳಿ ಬಂದಾಗ ಅದು ಮುಂದುವರಿಯುತ್ತದೆ. ಡಿಸ್ಕು ಬೆಂಬಲಿಸುವುದಾದರೆ ನಾನು ಆರಿಸುವುದು ಇದನ್ನೇ.

ಇಷ್ಟಾದರೂ ಕಂಟ್ರೋಲರಿನ ಮಾತನ್ನು ಪೂರ್ತಿಯಾಗಿ ನಂಬಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಎಸ್‌ಎಸ್‌ಡಿಗಳ ಚಿಪ್ಪುಗಳನ್ನೇ ನೇರವಾಗಿ ಓದಿ ಪರೀಕ್ಷಿಸಿದಾಗ, ಅಳಿಸುವಿಕೆ ಯಶಸ್ವಿಯಾಯಿತೆಂದು ವರದಿ ಮಾಡಿಯೂ ಮಾಹಿತಿಯನ್ನು ಹಾಗೆಯೇ ಉಳಿಸಿಕೊಂಡ ಡಿಸ್ಕು ಸಿಕ್ಕಿತ್ತು. ಆದ್ದರಿಂದ ಅಳಿಸುವ ಮುನ್ನ ತಯಾರಕರ ಇತ್ತೀಚಿನ ಫರ್ಮ್‌ವೇರನ್ನು (ಡಿಸ್ಕಿನ ಒಳಗಿನ ತಂತ್ರಾಂಶವನ್ನು) ಹಾಕಿಕೊಳ್ಳುವುದು ವಿವೇಕದ ಕ್ರಮ.

ಪರಿಶೀಲನೆ

ಹಾರ್ಡ್ ಡಿಸ್ಕಿನ ವಿಷಯದಲ್ಲಿ ಪರಿಶೀಲನೆ ಸುಲಭ. ಬೈಟುಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ವ್ಯೂವರ್ ಒಂದರಲ್ಲಿ ಡಿಸ್ಕಿನ ಆರಂಭ, ಮಧ್ಯ, ಅಂತ್ಯಗಳನ್ನೂ ನಡುನಡುವೆ ಒಂದಿಷ್ಟು ಜಾಗಗಳನ್ನೂ ನೋಡಿದರೆ ಸೊನ್ನೆಗಳಲ್ಲದೆ ಬೇರೇನೂ ಕಾಣಬಾರದು. ಎನ್‌ವೈಪ್‌ನಲ್ಲಿ ಬರೆದದ್ದನ್ನು ಮರಳಿ ಓದಿ ನೋಡುವ ಆಯ್ಕೆಯೂ ಇದೆ. ಎಸ್‌ಎಸ್‌ಡಿಯಲ್ಲಿ ಮಾತ್ರ, ಸೊನ್ನೆ ಕಂಡಿತೆಂದರೆ ಚಿಪ್ಪಿನಲ್ಲಿ ಸೊನ್ನೆ ಇದೆ ಎಂದು ಅರ್ಥವಲ್ಲ. ವಿಳಾಸದ ಪಟ್ಟಿಯಲ್ಲಿ ಇಲ್ಲದ ಜಾಗವನ್ನು ಕೇಳಿದಾಗ ಕಂಟ್ರೋಲರ್ ಚಿಪ್ಪನ್ನು ಓದದೆಯೇ ಸೊನ್ನೆ ಎಂದು ಉತ್ತರಿಸುತ್ತದೆ. ಕೀಲಿ ನಾಶಮಾಡಿದ ನಂತರ ಕೆಲವು ಡಿಸ್ಕುಗಳಲ್ಲಿ ಅರ್ಥವಿಲ್ಲದ ಬೈಟುಗಳು ಕಾಣುವುದೂ ಉಂಟು, ಅದು ದೋಷವಲ್ಲ. ಹಳೆಯ ಮಾಹಿತಿ ಎಲ್ಲಿಯಾದರೂ ಕಂಡರೆ ಅಳಿಸುವಿಕೆ ವಿಫಲವಾಗಿದೆ ಎಂಬುದಂತೂ ಖಚಿತ. ಪರಿಶೀಲನೆಯಿಂದ ಎಸ್‌ಎಸ್‌ಡಿಯಲ್ಲಿ ತಿಳಿಯುವುದು ಅಷ್ಟೇ.

ಕೆಟ್ಟುಹೋದ ಡಿಸ್ಕು, ಮತ್ತು ಮುಂದಿನ ಕಂಪ್ಯೂಟರ್

ಕೆಟ್ಟು ನಿಂತ ಡಿಸ್ಕಿಗೆ ಯಾವ ಆದೇಶವನ್ನೂ ಕೊಡಲಾಗದು, ಆದರೆ ಕೆಟ್ಟಿರುವುದು ಅದರ ಸರ್ಕ್ಯೂಟ್ ಬೋರ್ಡ್ ಮಾತ್ರವಾಗಿದ್ದರೆ ಮಾಹಿತಿ ಒಳಗೆ ಭದ್ರವಾಗಿಯೇ ಇರುತ್ತದೆ. ಆಗ ಉಳಿಯುವುದು ಒಡೆಯುವ ದಾರಿ. ಹಾರ್ಡ್ ಡಿಸ್ಕಿನಲ್ಲಿ ಹಾಳಾಗಬೇಕಾದದ್ದು ತಟ್ಟೆಗಳು; ಎರಡೂವರೆ ಇಂಚಿನ ಅನೇಕ ಡಿಸ್ಕುಗಳ ತಟ್ಟೆಗಳು ಗಾಜಿನವಾಗಿದ್ದು ಚೂರುಚೂರಾಗಿ ಸಿಡಿಯುವುದರಿಂದ ಕನ್ನಡಕ, ಕೈಗವಸುಗಳಿಲ್ಲದೆ ಕೈಹಾಕಬಾರದು. ಎಸ್‌ಎಸ್‌ಡಿಯಲ್ಲಿ ಬೋರ್ಡನ್ನು ಎರಡು ತುಂಡು ಮಾಡಿದರೆ ಸಾಲದು, ಅದರ ಮೇಲಿನ ಪ್ರತಿಯೊಂದು ಮೆಮೊರಿ ಚಿಪ್ಪೂ ಒಡೆಯಬೇಕು. ಪ್ರಬಲ ಅಯಸ್ಕಾಂತದಿಂದ ಫ್ಲ್ಯಾಷ್ ಮೆಮೊರಿಗೆ ಏನೂ ಆಗುವುದಿಲ್ಲ. ಸುಡುವುದು ವಿಷಾನಿಲಗಳಿಗೆ ದಾರಿ. ಅದನ್ನು ಯಾರೂ ಮಾಡಬಾರದು. ಖಾತರಿ ಅವಧಿಯೊಳಗೆ ಕೆಟ್ಟ ಡಿಸ್ಕನ್ನು ಹಿಂತಿರುಗಿಸಿದರೆ ಮಾತ್ರ ಬದಲಿ ಸಿಗುವುದಾದ್ದರಿಂದ, ಒಡೆದರೆ ಹಣ ಹೋಗುತ್ತದೆ, ಒಡೆಯದಿದ್ದರೆ ಮಾಹಿತಿ ಹೋಗುತ್ತದೆ ಎಂಬ ಇಕ್ಕಟ್ಟು ಬರುತ್ತದೆ.

ಈ ಇಕ್ಕಟ್ಟಿಗೆ ನನಗೆ ತಿಳಿದ ಒಂದೇ ಪರಿಹಾರವೆಂದರೆ ಡಿಸ್ಕಿನ ಮೇಲೆ ಮೊದಲ ಫೈಲನ್ನು ಬರೆಯುವ ಮುನ್ನವೇ ಎನ್‌ಕ್ರಿಪ್ಷನ್ ಹಾಕಿಕೊಳ್ಳುವುದು. ವಿಂಡೋಸ್‌ನ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್, ಮ್ಯಾಕ್‌ನ ಫೈಲ್‌ವಾಲ್ಟ್, ಲಿನಕ್ಸ್‌ನ ಲಕ್ಸ್ ಇವೆಲ್ಲ ಇದಕ್ಕಾಗಿಯೇ ಇವೆ. ಆಗ ಚಿಪ್ಪಿನ ಯಾವ ಮೂಲೆಯಲ್ಲಿ ಯಾವ ತುಣುಕು ಉಳಿದರೂ ಅದು ಕೀಲಿ ಇಲ್ಲದೆ ಓದಲಾಗದ ತುಣುಕು. ಕೆಟ್ಟ ಡಿಸ್ಕನ್ನೂ ನಿಶ್ಚಿಂತೆಯಿಂದ ಹಿಂತಿರುಗಿಸಬಹುದು, ಕೆಲಸ ಮಾಡುವ ಡಿಸ್ಕಿನಲ್ಲಿ ಕೀಲಿಗಳನ್ನು ನಾಶಮಾಡಿ ಸೆಕ್ಯೂರ್ ಇರೇಸ್ ಕೊಟ್ಟರೆ ಎರಡು ಸ್ವತಂತ್ರ ರಕ್ಷಣೆಗಳಾಗುತ್ತವೆ. ಹಲವು ವರ್ಷ ಎನ್‌ಕ್ರಿಪ್ಷನ್ ಇಲ್ಲದೆ ಬಳಸಿದ ಎಸ್‌ಎಸ್‌ಡಿಗೆ ಕೊಡುವ ಹಿಂದಿನ ದಿನ ಅದನ್ನು ಹಾಕಿದರೆ ಈ ಫಲ ಸಿಗುವುದಿಲ್ಲ, ಏಕೆಂದರೆ ಹಳೆಯ ಪ್ರತಿಗಳು ಆಗಲೇ ಮೀಸಲು ಜಾಗದಲ್ಲಿ ಸೇರಿಕೊಂಡಿರಬಹುದು.

ಬಿಟ್‌ಲಾಕರ್ ಹಾಕುವಾಗ ‘ಬಳಸಿದ ಜಾಗ ಮಾತ್ರ’ ಮತ್ತು ‘ಇಡೀ ಡ್ರೈವ್’ ಎಂಬ ಎರಡು ಆಯ್ಕೆಗಳು ಬರುತ್ತವೆ. ಮೊದಲನೆಯದು ಹೊಚ್ಚಹೊಸ ಡಿಸ್ಕಿಗೆ ಮಾತ್ರ ತಕ್ಕದ್ದು, ಒಮ್ಮೆಯಾದರೂ ಬಳಸಿದ ಡಿಸ್ಕಿಗೆ ಎರಡನೆಯದೇ ಬೇಕು. ಎನ್‌ಕ್ರಿಪ್ಷನ್ನಿನ ಕೆಲಸವನ್ನು ಎಸ್‌ಎಸ್‌ಡಿಯ ಯಂತ್ರಾಂಶಕ್ಕೆ ವಹಿಸುವ ಆಯ್ಕೆಯನ್ನು ಬಳಸಬಾರದು. ನೆದರ್‌ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಹೆಸರಾಂತ ಕೆಲವು ಮಾದರಿಗಳಲ್ಲಿ ಅಂಥ ಎನ್‌ಕ್ರಿಪ್ಷನ್ನನ್ನು ಪಾಸ್‌ವರ್ಡ್ ಇಲ್ಲದೆಯೇ ದಾಟಬಹುದೆಂದು ತೋರಿಸಿದರು, ಮತ್ತು 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪೂರ್ವನಿಯೋಜಿತ ಆಯ್ಕೆಯನ್ನು ತಂತ್ರಾಂಶದ ಎನ್‌ಕ್ರಿಪ್ಷನ್ನಿಗೆ ಬದಲಿಸಿತು.

48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದಲ್ಲಿ ಮುದ್ರಿಸಿ ಕಂಪ್ಯೂಟರಿನಿಂದ ದೂರವಿಡಿ. ಅದು ಮೈಕ್ರೋಸಾಫ್ಟ್ ಖಾತೆಯಲ್ಲಿಯೂ ಉಳಿದಿದ್ದರೆ, ಆ ಯಂತ್ರವನ್ನು ಕೊಟ್ಟ ದಿನ ಖಾತೆಯಿಂದ ಅದನ್ನು ತೆಗೆದುಹಾಕಿ. ಲಕ್ಸ್ ಬಳಸುವವರು ಹೆಡರಿನ (ಕೀಲಿಗಳಿರುವ ಆರಂಭದ ಭಾಗದ) ಬ್ಯಾಕಪ್ ಮಾಡಿಟ್ಟಿದ್ದರೆ ಆ ಪ್ರತಿಯನ್ನೂ ಅಂದೇ ನಾಶಮಾಡಬೇಕು, ಏಕೆಂದರೆ ಅದು ಮತ್ತು ಹಳೆಯ ಪಾಸ್‌ವರ್ಡ್ ಎರಡೂ ಇರುವವರಿಗೆ, ಕೀಲಿಗಳನ್ನಷ್ಟೇ ಅಳಿಸಿದ ಡಿಸ್ಕು ಮತ್ತೆ ತೆರೆದುಕೊಳ್ಳುತ್ತದೆ.